ದೋಣಿಯವನು ಮಲಗಿದಾಗ ಚುಕ್ಕಾಣಿ ಯಾರ ಕೈಯಲ್ಲಿ?

2023ರ ಏಪ್ರಿಲ್‌ನಲ್ಲಿ ಅಭಿಲಾಷ್ ಟಾಮಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರು. ಸುದ್ದಿ ಓದಿದಾಗ ನಮಗೆಲ್ಲ ಬಂದದ್ದು ಒಂದೇ ಪ್ರಶ್ನೆ. 236 ದಿನ ಈ ಮನುಷ್ಯ ಮಲಗಿದ್ದು ಯಾವಾಗ? ಮಲಗಿದಾಗ ದೋಣಿ ನಡೆಸಿದ್ದು ಯಾರು?

ಸಂತೆಯಿಂದ ರಾತ್ರಿ ಮರಳುವಾಗ ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತುಗಳು ಮನೆ ಸೇರಿಸುತ್ತಿದ್ದವು ಎಂದು ನಮ್ಮ ಹಿರಿಯರು ಹೇಳುತ್ತಾರೆ. ದೋಣಿಗೆ ಎತ್ತುಗಳಿಲ್ಲ. ಕೈಬಿಟ್ಟರೆ ಹೆಚ್ಚಿನ ಹಾಯಿದೋಣಿಗಳು ಗಾಳಿಯ ಕಡೆಗೆ ಮೂತಿ ತಿರುಗಿಸಿ ನಿಂತುಬಿಡುತ್ತವೆ.

ಆದರೆ ಎಲ್ಲ ದೋಣಿಗಳೂ ಹಾಗಲ್ಲ. ಜೋಶುವಾ ಸ್ಲೋಕಮ್ ಎಂಬ ಹಡಗಿನ ಕಪ್ತಾನನಿಗೆ ಅಮೆರಿಕದ ಫೇರ್‌ಹೇವನ್‌ನಲ್ಲಿ ಹೊಲದಲ್ಲಿ ಬಿದ್ದಿದ್ದ ಒಂದು ಮುದಿ ದೋಣಿ ಸಿಕ್ಕಿತು. ಹೆಸರು 'ಸ್ಪ್ರೇ'. ಒಂದೊಂದೇ ಮರ ಬದಲಿಸಿ ಅದನ್ನು ಮತ್ತೆ ಕಟ್ಟಿದ. 1895ರಲ್ಲಿ ಹೊರಟು 1898ರಲ್ಲಿ ಭೂಮಿ ಸುತ್ತಿ ಬಂದ. ಒಬ್ಬನೇ ಭೂಮಿ ಸುತ್ತಿದ ಮೊದಲಿಗ ಅವನೇ. ಥರ್ಸ್‌ಡೇ ದ್ವೀಪದಿಂದ ಕೋಕೋಸ್ ದ್ವೀಪಗಳವರೆಗೆ 2,700 ಮೈಲಿ, 23 ದಿನ. ಅಷ್ಟರಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಮೂರು ಗಂಟೆಯೂ ಇಲ್ಲ. ಯಂತ್ರ ಯಾವುದೂ ಇರಲಿಲ್ಲ. ಹಾಯಿಯ ಎಳೆತಕ್ಕೂ ಚುಕ್ಕಾಣಿಯ ಎಳೆತಕ್ಕೂ ಸಮ ಮಾಡಿ, ಚುಕ್ಕಾಣಿಗೆ ಹಗ್ಗ ಬಿಗಿದರೆ 'ಸ್ಪ್ರೇ' ತಾನೇ ನೆಟ್ಟಗೆ ಹೋಗುತ್ತಿತ್ತು.

1920ರ ದಶಕದಲ್ಲಿ ದೊಡ್ಡ ಹಡಗುಗಳಿಗೆ ಸ್ಪೆರಿ ಕಂಪನಿಯ ವಿದ್ಯುತ್ ಆಟೋಪೈಲಟ್ ಬಂತು. ನಾವಿಕರು ಅದಕ್ಕೆ 'ಮೆಟಲ್ ಮೈಕ್' ಎಂದು ಅಡ್ಡಹೆಸರಿಟ್ಟರು. ಚಿಕ್ಕ ಹಾಯಿದೋಣಿಗೆ ಅಷ್ಟು ಕರೆಂಟ್ ಎಲ್ಲಿಂದ ಬರಬೇಕು?

ಚಿಕ್ಕ ದೋಣಿಗೆ ದಾರಿ ತೋರಿದವರಲ್ಲಿ ಮುಖ್ಯನಾದವನು ಬ್ಲಾಂಡಿ ಹ್ಯಾಸ್ಲರ್, ಬ್ರಿಟನ್ನಿನ ನಿವೃತ್ತ ಸೈನ್ಯಾಧಿಕಾರಿ. 1960ರಲ್ಲಿ ಐವರು ಒಬ್ಬೊಬ್ಬರೇ ಅಟ್ಲಾಂಟಿಕ್ ದಾಟುವ ಪಂದ್ಯಕ್ಕಿಳಿದಾಗ ಅವನು ತನ್ನ 25 ಅಡಿಯ 'ಜೆಸ್ಟರ್' ದೋಣಿಗೆ ಗಾಳಿಹಲಗೆ ಕಟ್ಟಿಕೊಂಡು ಹೋಗಿ, 48 ದಿನಗಳಲ್ಲಿ ಎರಡನೆಯವನಾಗಿ ತಲುಪಿದ.

ಮುಂದೆ ಅವನು ರೂಢಿಗೆ ತಂದ ಯಂತ್ರದ ಕೆಲಸ ಹೀಗೆ. ದೋಣಿಯ ಹಿಂಬದಿಯಲ್ಲಿ ತೆಳ್ಳನೆಯ ಒಂದು ಹಲಗೆ ಗಾಳಿಗೆ ಅಂಚು ಕೊಟ್ಟು ನಿಂತಿರುತ್ತದೆ. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯ ಮೈಗೆ ಹೊಡೆದು ಅದನ್ನು ವಾಲಿಸುತ್ತದೆ. ಆ ವಾಲುವಿಕೆ ನೀರಿನೊಳಗೆ ಇಳಿಬಿಟ್ಟ ಒಂದು ಅಲಗನ್ನು ತುಸು ತಿರುಚುತ್ತದೆ. ಹರಿಯುವ ನೀರು ಆ ಅಲಗನ್ನು ಪಕ್ಕಕ್ಕೆ ಜೋರಾಗಿ ತಳ್ಳುತ್ತದೆ, ಅದಕ್ಕೆ ಕಟ್ಟಿದ ಹಗ್ಗಗಳು ಚುಕ್ಕಾಣಿಯನ್ನು ಎಳೆದು ದೋಣಿಯನ್ನು ದಾರಿಗೆ ತರುತ್ತವೆ. ಗಾಳಿ ಬರೀ ಸನ್ನೆ ಮಾಡುತ್ತದೆ, ದುಡಿಯುವುದು ನೀರು. ಬ್ಯಾಟರಿಯೂ ಬೇಡ, ಡೀಸೆಲ್ಲೂ ಬೇಡ. ಒಂದೇ ಷರತ್ತು: ಅದು ದಿಕ್ಕನ್ನು ನೋಡುವುದಿಲ್ಲ, ಗಾಳಿಯನ್ನು ನೋಡುತ್ತದೆ. ಗಾಳಿ ತಿರುಗಿದರೆ ದೋಣಿಯೂ ತಿರುಗುತ್ತದೆ.

ಇಂಥ ಯಂತ್ರವನ್ನು ಅದಕ್ಕೆಂದು ಕಟ್ಟದ ದೋಣಿಗೆ ಕೂರಿಸುವುದು ಬೇರೆಯೇ ತಲೆನೋವು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅನುಭವಿಸಿದ್ದು ಅದನ್ನೇ. ಅವನ 32 ಅಡಿಯ 'ಸುಹೈಲಿ' ಹುಟ್ಟಿದ್ದು ನಮ್ಮ ಬಾಂಬೆಯಲ್ಲಿ, ತೇಗದ ಮರದಲ್ಲಿ, ಇಲ್ಲಿನ ಬಡಗಿಗಳ ಬಾಚಿಯ ಕೆಲಸದಲ್ಲಿ. 1968ರಲ್ಲಿ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯ ಬಂದಾಗ ಹೊಸ ದೋಣಿಗೆ ಅವನ ಹತ್ತಿರ ಹಣ ಹೊಂದಲಿಲ್ಲ. ಇದ್ದ 'ಸುಹೈಲಿ'ಯೇ ಗತಿ.

ಗಾಳಿಹಲಗೆಗೆ ಜಾಗ ಹಿಂಬದಿಯ ನಟ್ಟನಡುವೆ. ಆದರೆ 'ಸುಹೈಲಿ'ಗೆ ಎರಡು ಕಂಬ, ಹಿಂದಿನ ಹಾಯಿಯ ಅಡ್ಡಮರ ಹಿಂಬದಿಯನ್ನೂ ದಾಟಿ ಹೊರಗೆ ಚಾಚಿತ್ತು. ಹಲಗೆ ಇಟ್ಟರೆ ಅಡ್ಡಮರ ಅದನ್ನು ಗುಡಿಸಿ ಹಾಕುತ್ತಿತ್ತು. ಹಾಗಾಗಿ ಪೈಪಿನ ಚೌಕಟ್ಟು ಮಾಡಿಸಿ ಎಡಕ್ಕೊಂದು, ಬಲಕ್ಕೊಂದು ಹಲಗೆ ಕೂರಿಸಿದರು. ಈ ಯಂತ್ರಕ್ಕೆ ಅವನಿಟ್ಟ ಹೆಸರು 'ಅಡ್ಮಿರಲ್'. ಅಡ್ಮಿರಲ್ ಸಾಹೇಬರು ಆಸ್ಟ್ರೇಲಿಯಾದ ಹತ್ತಿರ ಪೂರ್ತಿ ಕೈಕೊಟ್ಟರು. ಅಲ್ಲಿಗೆ ಅರ್ಧ ದಾರಿ ಮಾತ್ರ ಮುಗಿದಿತ್ತು, ಮುಂದೆ ಇದ್ದದ್ದು ಕೇಪ್ ಹಾರ್ನ್.

ಅವನು ಹಿಂತಿರುಗಲಿಲ್ಲ. ಸ್ಲೋಕಮ್‌ನ ಹಳೆಯ ಉಪಾಯಕ್ಕೇ ಶರಣಾದ. ಹಾಯಿಗಳನ್ನು ಸ್ವಲ್ಪ ಬಿಗಿದು, ಸ್ವಲ್ಪ ಸಡಿಲಿಸಿ, ಚುಕ್ಕಾಣಿ ಕಟ್ಟಿ, 'ಸುಹೈಲಿ' ನೆಟ್ಟಗೆ ಹೋಗುವ ಹದ ಕಂಡುಕೊಂಡ. ಗಾಳಿ ಬೆನ್ನಿಗಿದ್ದಾಗ ಆ ಹದ ನಿಲ್ಲುವುದು ಕಷ್ಟ, ಆಗ ಗಂಟೆಗಟ್ಟಲೆ ತಾನೇ ಕೂರಬೇಕಾಯಿತು. 1969ರ ಏಪ್ರಿಲ್ 22ರಂದು, 312 ದಿನಗಳ ಮೇಲೆ, ಇಂಗ್ಲೆಂಡಿನ ಫಾಲ್ಮತ್ ಸೇರಿದ. ಹೊರಟ ಒಂಬತ್ತು ಮಂದಿಯಲ್ಲಿ ಪಂದ್ಯ ಮುಗಿಸಿದವನು ಅವನೊಬ್ಬನೇ.

ಆಮೇಲೆ ಚಿಕ್ಕ ದೋಣಿಗಳಿಗೂ ವಿದ್ಯುತ್ ಆಟೋಪೈಲಟ್ ಬಂತು. ದಿಕ್ಸೂಚಿ ನೋಡಿ ಮೋಟರು ಚುಕ್ಕಾಣಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಹಳೆಯ ದೋಣಿಗೆ ಇದನ್ನು ಹಾಕುವವರು ಮೊದಲು ನೋಡಬೇಕಾದ್ದು ಯಂತ್ರದ ಬೆಲೆಯನ್ನಲ್ಲ, ಚುಕ್ಕಾಣಿಯ ಎಳೆತವನ್ನು ಎನ್ನುವುದು ನಮ್ಮ ಅಭಿಪ್ರಾಯ. ಹಾಯಿಗಳ ಹದ ತಪ್ಪಿದ ದೋಣಿಯಲ್ಲಿ ಮೋಟರು ಬಿಡುವಿಲ್ಲದೆ ಗುದ್ದಾಡಿ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಹದವಾದ ದೋಣಿಗೆ ಆಗೀಗ ಒಂದು ತಟ್ಟು ಸಾಕು.

ಅಭಿಲಾಷ್ ಓಡಿದ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ವಿದ್ಯುತ್ ಆಟೋಪೈಲಟ್‌ಗೆ ಅವಕಾಶವೇ ಇಲ್ಲ. ಇರಬೇಕಾದ್ದು 1988ಕ್ಕಿಂತ ಹಿಂದಿನ ವಿನ್ಯಾಸದ ದೋಣಿ, ಗಾಳಿಹಲಗೆ, ಅಷ್ಟೇ. 2018ರಲ್ಲಿ ಅವರು ಹೋಗಿದ್ದು 'ಸುಹೈಲಿ'ಯ ಪಡಿಯಚ್ಚಾಗಿ ಗೋವಾದಲ್ಲಿ ಕಟ್ಟಿದ 'ತುರಿಯಾ'ದಲ್ಲಿ. ಬಿರುಗಾಳಿಗೆ ಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಫ್ರಾನ್ಸಿನ ಹಡಗೊಂದು ಅವರನ್ನು ಎತ್ತಿಕೊಂಡು ಬಂತು. 2022ರಲ್ಲಿ 'ಬಯಾನತ್' ದೋಣಿಯಲ್ಲಿ ಮತ್ತೆ ಹೊರಟರು. ಈ ಸಲವೂ ಅಡ್ಮಿರಲ್ ಸಾಹೇಬರ ಜಾತಿಯ ಯಂತ್ರ ನಡುನೀರಿನಲ್ಲಿ ಮುರಿಯಿತು. ಅಲ್ಲಿ ಅಂಗಡಿಯೂ ಇಲ್ಲ, ಗ್ಯಾರೇಜೂ ಇಲ್ಲ. ಅಭಿಲಾಷ್ ದೋಣಿಯ ಶೌಚಾಲಯದ ಬಾಗಿಲು ಬಿಚ್ಚಿ, ಕೊಯ್ದು, ಹಲಗೆ ಮಾಡಿ ಸಿಕ್ಕಿಸಿದರು. ಆ ದೋಣಿ ಎರಡನೇ ಸ್ಥಾನದಲ್ಲಿ ದಡ ಸೇರಿತು.