ಜರ್ಮನಿಯಲ್ಲಿ ಉತ್ಪಾದನಾ ಎಂಜಿನಿಯರಿಂಗ್ ಸ್ನಾತಕೋತ್ತರ ವ್ಯಾಸಂಗ

ಉತ್ಪಾದನಾ ಎಂಜಿನಿಯರಿಂಗ್ ಎಂಬುದು ಕಚ್ಚಾ ಪದಾರ್ಥವನ್ನು ಸಿದ್ಧವಸ್ತುವಾಗಿ ಮಾರ್ಪಡಿಸುವ ವಿಧಾನ, ಯಂತ್ರ ಹಾಗೂ ಕಾರ್ಖಾನೆ ವ್ಯವಸ್ಥೆಗಳನ್ನು ಅಭ್ಯಸಿಸುವ ತಾಂತ್ರಿಕ ಶಾಖೆ. ಜರ್ಮನಿಯ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ವ್ಯಾಸಂಗಕ್ಕೆ ಭಾರತೀಯ ವಿದ್ಯಾರ್ಥಿಗಳೂ ತೆರಳುತ್ತಾರೆ.

ಹಿನ್ನೆಲೆ

1904ರಲ್ಲಿ ಬರ್ಲಿನ್‌ನ ಶಾರ್ಲೊಟೆನ್‌ಬುರ್ಗ್ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಯಂತ್ರೋಪಕರಣ ಮತ್ತು ಕಾರ್ಖಾನೆ ನಿರ್ವಹಣೆಯ ಪೀಠಕ್ಕೆ ಗೇಯೋರ್ಗ್ ಶ್ಲೆಸಿಂಗರ್ ಪ್ರಾಧ್ಯಾಪಕರಾದರು. 1906ರಲ್ಲಿ ಆಖೆನ್‌ನಲ್ಲಿ ಯಂತ್ರೋಪಕರಣ ಪ್ರಯೋಗಾಲಯ ಸ್ಥಾಪನೆಯಾಯಿತು. ಹಿಂದೆ ರೂಢಿಯಲ್ಲಿದ್ದ 'ಡಿಪ್ಲೋಮ್' ಪದವಿಯ ಸ್ಥಾನದಲ್ಲಿ, 1999ರ ಬೊಲೋನ್ಯ ಘೋಷಣೆಯ ನಂತರ ಸ್ನಾತಕ ಮತ್ತು ಸ್ನಾತಕೋತ್ತರ ಎಂಬ ಎರಡು ಹಂತಗಳು ಬಂದವು.

ಪಠ್ಯಕ್ರಮ

ವ್ಯಾಸಂಗದ ಅವಧಿ ಸಾಮಾನ್ಯವಾಗಿ 4 ಸೆಮಿಸ್ಟರ್; ಒಟ್ಟು 120 ಕ್ರೆಡಿಟ್. ಒಂದು ಕ್ರೆಡಿಟ್ 25ರಿಂದ 30 ಗಂಟೆಗಳ ಪರಿಶ್ರಮಕ್ಕೆ ಸಮ. ಲೋಹ ಕಡಿತ, ಎರಕ, ಬೆಸುಗೆ, ಲೋಹ ರೂಪಣ, ಅಳತೆ ವಿಜ್ಞಾನ, ತ್ರಿಆಯಾಮ ಮುದ್ರಣ, ರೋಬಾಟ್ ತಂತ್ರಜ್ಞಾನ ಮತ್ತು ಉತ್ಪಾದನಾ ಯೋಜನೆ ಮುಖ್ಯ ವಿಷಯಗಳು. ಕೊನೆಯ ಸೆಮಿಸ್ಟರ್ ಪ್ರೌಢಪ್ರಬಂಧಕ್ಕೆ ಮೀಸಲು. ಡಾರ್ಟ್‌ಮುಂಡ್ ಮತ್ತು ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಈ ಕ್ಷೇತ್ರದ ಇಂಗ್ಲಿಷ್ ಮಾಧ್ಯಮದ ಪಠ್ಯಕ್ರಮಗಳಿವೆ.

ಪ್ರವೇಶ

ಸ್ನಾತಕ ಪದವಿಯಲ್ಲಿ ಗಣಿತ, ಯಂತ್ರಶಾಸ್ತ್ರ, ಪದಾರ್ಥ ವಿಜ್ಞಾನ ಮುಂತಾದವುಗಳನ್ನು ಎಷ್ಟು ಓದಲಾಗಿದೆ ಎಂಬುದನ್ನು ವಿಶ್ವವಿದ್ಯಾಲಯಗಳು ಪರಿಶೀಲಿಸುತ್ತವೆ. 2022ರ ನವೆಂಬರ್‌ನಿಂದ ಭಾರತದಲ್ಲಿ ಓದಿದ ಅರ್ಜಿದಾರರು ವಿದ್ಯಾರ್ಥಿ ವೀಸಾಕ್ಕಾಗಿ ಎಪಿಎಸ್ ಪ್ರಮಾಣಪತ್ರ ಪಡೆಯುವುದು ಕಡ್ಡಾಯವಾಗಿದೆ.

ಭಾರತೀಯ ಅಂಕಗಳನ್ನು 'ಪರಿಷ್ಕೃತ ಬವೇರಿಯನ್ ಸೂತ್ರ'ದಿಂದ ಪರಿವರ್ತಿಸಲಾಗುತ್ತದೆ. ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಗರಿಷ್ಠ ಹಾಗೂ ಕನಿಷ್ಠ ಉತ್ತೀರ್ಣ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಬೇಕು. ಗರಿಷ್ಠ 10, ಕನಿಷ್ಠ 4 ಇರುವಲ್ಲಿ 8.5 ಪಡೆದವರ ಶ್ರೇಣಿ 1.75. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣತೆಯ ಕೊನೆಯ ಮಿತಿ.

ವೆಚ್ಚ

ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರ್ ವಂತಿಗೆ ಮಾತ್ರ ಇರುತ್ತದೆ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಇಂತಹ ಶುಲ್ಕವನ್ನು ಆರಂಭಿಸಿತು. ಜೀವನ ವೆಚ್ಚಕ್ಕೆ ಹಣವಿದೆಯೆಂದು ತೋರಿಸಲು ನಿರ್ಬಂಧಿತ ಖಾತೆ ತೆರೆಯುವುದು ರೂಢಿ. 2024ರ ಸೆಪ್ಟೆಂಬರ್‌ನಿಂದ ಅದರ ಮೊತ್ತ ವರ್ಷಕ್ಕೆ 11,904 ಯೂರೋ, ಎಂದರೆ ತಿಂಗಳಿಗೆ 992 ಯೂರೋ. ಆದ್ದರಿಂದ ಶುಲ್ಕವಿಲ್ಲದ ವ್ಯಾಸಂಗಕ್ಕೂ ಅನೇಕ ಕುಟುಂಬಗಳು ಸಾಲ ಮಾಡಬೇಕಾಗುತ್ತದೆ.

ಪರೀಕ್ಷಾ ನಿಯಮ

ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ 3 ಅವಕಾಶಗಳು ಮಾತ್ರ. ಕಡ್ಡಾಯ ವಿಷಯದಲ್ಲಿ ಮೂರನೆಯ ಬಾರಿಯೂ ಅನುತ್ತೀರ್ಣರಾದವರ ನೋಂದಣಿ ರದ್ದಾಗುತ್ತದೆ. ದೇಶದ ಇತರ ವಿಶ್ವವಿದ್ಯಾಲಯಗಳಲ್ಲಿ ಅದೇ ಪಠ್ಯಕ್ರಮಕ್ಕೆ ಸೇರುವುದಕ್ಕೂ ಸಾಮಾನ್ಯವಾಗಿ ತಡೆ ಉಂಟಾಗುತ್ತದೆ. ವಿದ್ಯಾರ್ಥಿಯಾಗಿ ವಾಸಿಸುವ ಪರವಾನಗಿಗೂ ತೊಡಕಾಗಬಹುದು.

ಭಾಷೆ ಮತ್ತು ಉದ್ಯೋಗ

ತರಗತಿ ಇಂಗ್ಲಿಷ್‌ನಲ್ಲಿ ನಡೆದರೂ ಕಾರ್ಖಾನೆಯ ಅಂಗಳದ ವ್ಯವಹಾರ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತದೆ. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಪದವಿ ಪಡೆದವರಿಗೆ ಉದ್ಯೋಗ ಹುಡುಕಲು 18 ತಿಂಗಳವರೆಗೆ ಅವಕಾಶವಿದೆ.

ಕರ್ನಾಟಕದ ನಂಟು

ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದ ಮೈಕೋ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾದ ಬಳಿಕ ನಗರವು ಯಂತ್ರೋಪಕರಣ ತಯಾರಿಕೆಯ ಪ್ರಮುಖ ಕೇಂದ್ರವಾಗಿ ಬೆಳೆಯಿತು. ಹೀಗಾಗಿ ಈ ವಿಷಯವನ್ನು ಓದಿ ಮರಳಿದವರಿಗೆ ರಾಜ್ಯದಲ್ಲಿಯೂ ಉದ್ಯೋಗಕ್ಷೇತ್ರವಿದೆ.