ಚಳಿ ಪ್ರದೇಶದಲ್ಲಿ ಉಷ್ಣವಲಯದ ಹಣ್ಣಿನ ಗಿಡ: ನೀಲಗಿರಿ ಘಾಟಿಯ ಪಾಠ

ಚೆನ್ನೈ: ಚೆನ್ನೈನ ಹಿತ್ತಲಲ್ಲಿ ಮಾವು, ಹಲಸು, ಪಪ್ಪಾಯಿಗೆ ಚಳಿಯ ಭಯವಿಲ್ಲ. ಅದೇ ಗಿಡಗಳನ್ನು ತಮಿಳುನಾಡಿನದೇ ಆದ ಊಟಿಯಲ್ಲಿ ನೆಟ್ಟರೆ ಮೊದಲ ಚಳಿಗಾಲ ದಾಟುವುದೇ ಕಷ್ಟ. ನಡುವಿನ ವ್ಯತ್ಯಾಸ ತಿಳಿಯಲು ಮೇಟ್ಟುಪಾಳ್ಯಂನಿಂದ ಘಾಟಿ ಹತ್ತಿದರೆ ಸಾಕು.

ಘಾಟಿಯ ಬುಡದ ಕಲ್ಲಾರ್‌ನಲ್ಲಿ (ಸುಮಾರು 400 ಮೀಟರ್ ಎತ್ತರ) 1900ರಲ್ಲಿ ಆರಂಭವಾದ ಸರ್ಕಾರಿ ಹಣ್ಣಿನ ತೋಟವಿದೆ. ಅದಕ್ಕೂ ಹಳೆಯದು ಮೇಲಿನ ಬರ್ಲಿಯಾರ್ ತೋಟ (ಸುಮಾರು 900 ಮೀಟರ್), 1871ರದ್ದು. ಆಗ್ನೇಯ ಏಷ್ಯಾ ಮೂಲದ ಮ್ಯಾಂಗೋಸ್ಟೀನ್, ರಂಬುಟಾನ್, ಡುರಿಯನ್ ಇಲ್ಲಿ ಫಲ ಕೊಡುತ್ತವೆ. ಮಕ್ಕಳಾಗದವರಿಗೆ ಡುರಿಯನ್ ಒಳ್ಳೆಯದೆಂಬ ನಂಬಿಕೆಯಿಂದ ಈ ಹಣ್ಣಿಗೆ ಭಾರಿ ಬೇಡಿಕೆ. ಇನ್ನೂ ಮೇಲೆ ಕೂನೂರು, ಊಟಿ ತಲುಪಿದರೆ ಪ್ಲಮ್, ಪೇರ್‌ಗಳ ಸರದಿ. ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುವುದೇ ಇದಕ್ಕೆ ಕಾರಣ.

ಯಾವ ಗಿಡ ಎಷ್ಟು ಚಳಿ ತಡೆಯುತ್ತದೆ?

* ಮ್ಯಾಂಗೋಸ್ಟೀನ್: 5 ಡಿಗ್ರಿಗಿಂತ ಕೆಳಗೆ ಉಳಿಯುವುದು ಕಷ್ಟ. ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷ ಬೇಕು. ಒಂದೇ ರಾತ್ರಿಯ ಚಳಿಗೆ ಅಷ್ಟೂ ವರ್ಷಗಳ ಶ್ರಮ ಹೋಗಬಹುದು.
* ಬಾಳೆ: ಸುಮಾರು 14 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಲ್ಲುತ್ತದೆ.
* ಮಾವು: ಹೂ ಬಿಡಲು 15 ಡಿಗ್ರಿ ಆಸುಪಾಸಿನ ತಂಪು ರಾತ್ರಿಗಳು ನೆರವಾಗುತ್ತವೆ. ಆದರೆ ಸೊನ್ನೆ ಡಿಗ್ರಿ ಮುಟ್ಟಿದರೆ ಎಳೆಯ ಗಿಡ ಸುಟ್ಟಂತಾಗುತ್ತದೆ. ಬಲಿತ ಮರ ಕೆಲವು ಗಂಟೆ ತಾಳಿಕೊಳ್ಳುತ್ತದೆ.
* ಬೆಣ್ಣೆಹಣ್ಣು: ಇವುಗಳಿಗಿಂತ ಗಟ್ಟಿ. ಕೊಡಗು, ನೀಲಗಿರಿಯಲ್ಲಿ ಬೆಳೆಯುವುದು ಅದಕ್ಕೇ.

ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ. ಅಂದರೆ ಅಲ್ಲಿ ಮಾವು, ಹಲಸಿಗೆ ಆತಂಕವಿಲ್ಲ.

ತಗ್ಗಿನಲ್ಲಿ ನೆಡಬೇಡಿ

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಿಸಿ ಬೇಗ ಹೊರಟುಹೋಗುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ನೀರಿನಂತೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಡಿಸೆಂಬರ್-ಜನವರಿಯಲ್ಲಿ ಊಟಿಯ ಕುದುರೆ ರೇಸ್ ಮೈದಾನದಂಥ ತಗ್ಗು ಜಾಗಗಳ ಹುಲ್ಲು ಬೆಳಗ್ಗೆ ಬೆಳ್ಳಗೆ ಹೆಪ್ಪುಗಟ್ಟಿ ಕಾಣುವುದು ಹೀಗೆ. ಆದ್ದರಿಂದ ಚಳಿ ಊರಲ್ಲಿ ಇಳಿಜಾರಿನ ಮಧ್ಯಭಾಗ ಅಥವಾ ಮನೆಯ ದಕ್ಷಿಣ ಗೋಡೆಯ ಬದಿ ಸೂಕ್ತ. ಹಗಲು ಬಿಸಿಯಾದ ಗೋಡೆ ರಾತ್ರಿ ಆ ಶಾಖವನ್ನು ಗಿಡಕ್ಕೆ ಕೊಡುತ್ತದೆ.

ರಕ್ಷಣೆ ಹೇಗೆ?

* ಮೊದಲ ಎರಡು ಮೂರು ವರ್ಷ ಎಳೆಯ ಗಿಡಕ್ಕೆ ಹುಲ್ಲಿನ ಚಪ್ಪರ ಹಾಕಿ. ಬೆಳಗಿನ ಬಿಸಿಲಿಗಾಗಿ ಪೂರ್ವ-ಆಗ್ನೇಯ ಬದಿ ತೆರೆದಿರಲಿ.
* ಹೆಚ್ಚು ಚಳಿಯ ಮುನ್ಸೂಚನೆ ಇದ್ದರೆ ಸಂಜೆಯೇ ನೀರುಣಿಸಿ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ.
* ಮಳೆಗಾಲ ಮುಗಿದ ಮೇಲೆ ಯೂರಿಯಾ ಬೇಡ. ಅದರಿಂದ ಬರುವ ಎಳೆ ಚಿಗುರು ಚಳಿಗೆ ಮೊದಲು ಬಲಿಯಾಗುತ್ತದೆ.
* ಕಪ್ಪಾದ ಕೊಂಬೆಯನ್ನು ಕೂಡಲೇ ಕತ್ತರಿಸಬೇಡಿ. ಬೇಸಿಗೆಯಲ್ಲಿ ಚಿಗುರು ಎಲ್ಲಿಂದ ಬರುತ್ತದೆಂದು ನೋಡಿ ಸವರಿ.

ಹಿಮ ಬೀಳುವ ದೇಶಗಳಲ್ಲಿರುವ ಕನ್ನಡಿಗರಿಗೆ ಕುಂಡವೇ ದಾರಿ. ಆಮ್ರಪಾಲಿಯಂಥ ಗಿಡ್ಡ ತಳಿಯ ಕಸಿ ಮಾವನ್ನು ದೊಡ್ಡ ಕುಂಡದಲ್ಲಿ ಬೆಳೆಸಿ, ರಾತ್ರಿಯ ಉಷ್ಣಾಂಶ 10 ಡಿಗ್ರಿಗೆ ಇಳಿಯುವ ಮೊದಲೇ ಬಿಸಿಲು ಬೀಳುವ ಕಿಟಕಿ ಬಳಿಗೆ ತನ್ನಿ. ಒಳಗಿರುವಾಗ ನೀರು ಕಡಿಮೆ ಸಾಕು. ಚಳಿಯಿಂದ ಉಳಿದ ಗಿಡ ಕುಂಡದಲ್ಲಿ ನೀರು ನಿಂತು ಬೇರು ಕೊಳೆತು ಸಾಯುವುದೂ ಉಂಟು.

ಗಿಡ ಕೊಳ್ಳುವ ಮುನ್ನ ನಿಮ್ಮೂರಿನ ಅತಿ ಕಡಿಮೆ ಉಷ್ಣಾಂಶ ಎಷ್ಟೆಂದು ಒಮ್ಮೆ ನೋಡಿಕೊಳ್ಳಿ. ಗಿಡದ ಅಳಿವು-ಉಳಿವು ವರ್ಷದ ಸರಾಸರಿಗಿಂತ ಆ ಒಂದು ರಾತ್ರಿಯ ಮೇಲೆ ನಿಂತಿದೆ.