ಕೆಟ್ಟ ಹಾರ್ಡ್ ಡಿಸ್ಕಿನಿಂದ ದಾಖಲೆಗಳನ್ನು ಸ್ವತಃ ಮರಳಿ ಪಡೆಯುವ ಕುರಿತು ಸಾರ್ವಜನಿಕರಿಗೆ ಮಾಹಿತಿ

ಸೇವೆಗಳಿಗೆ ಅರ್ಜಿ ಸಲ್ಲಿಸಲು ಸ್ಕ್ಯಾನ್ ಮಾಡಿಟ್ಟ ಪ್ರಮಾಣಪತ್ರಗಳು, ಜಮೀನಿನ ಕಾಗದಪತ್ರಗಳು ಹಾಗೂ ಕುಟುಂಬದ ಛಾಯಾಚಿತ್ರಗಳು ಅನೇಕ ಮನೆಗಳಲ್ಲಿ ಒಂದೇ ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಡಿಸ್ಕ್ ಕೆಟ್ಟ ಕೂಡಲೇ ಅದರೊಳಗಿನ ಮಾಹಿತಿ ಅಳಿದುಹೋಗುವುದಿಲ್ಲ. ಅನೇಕ ಸಂದರ್ಭಗಳಲ್ಲಿ, ನಂತರ ಆತುರದಿಂದ ಕೈಗೊಳ್ಳುವ ಪ್ರಯತ್ನಗಳಿಂದಲೇ ಅದು ಶಾಶ್ವತವಾಗಿ ನಷ್ಟವಾಗುತ್ತದೆ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಮೊದಲು ತೀರ್ಮಾನಿಸಬೇಕಾದ ವಿಷಯ

ಡಿಸ್ಕಿನಲ್ಲಿದ್ದ ಯಾವ ದಾಖಲೆಗಳನ್ನು ಬೇರೆಡೆಯಿಂದ ಪಡೆಯಬಹುದೆಂದು ಪಟ್ಟಿ ಮಾಡಿಕೊಳ್ಳುವುದು. ಕರ್ನಾಟಕದಲ್ಲಿ ಪಹಣಿಯನ್ನು ಭೂಮಿ ವ್ಯವಸ್ಥೆಯಿಂದ, ಋಣಭಾರ ಪ್ರಮಾಣಪತ್ರವನ್ನು ಕಾವೇರಿ ವ್ಯವಸ್ಥೆಯಿಂದ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪುನಃ ಪಡೆಯಬಹುದಾಗಿದೆ. 2015ರಲ್ಲಿ ಆರಂಭವಾದ ಡಿಜಿಲಾಕರ್‌ಗೆ ಸಂಬಂಧಪಟ್ಟ ಸಂಸ್ಥೆಯಿಂದಲೇ ನೇರವಾಗಿ ಬಂದ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನವಾಗಿರುತ್ತವೆ. ನಾಗರಿಕರು ತಾವೇ ಸ್ಕ್ಯಾನ್ ಮಾಡಿ ಸೇರಿಸಿದ ಪ್ರತಿಗಳಿಗೆ ಈ ಮಾನ್ಯತೆ ಇರುವುದಿಲ್ಲ. ಛಾಯಾಚಿತ್ರ, ಹಸ್ತಪ್ರತಿ, ಲೆಕ್ಕಪತ್ರ ಮುಂತಾದ ಬೇರೆ ಪ್ರತಿಯಿಲ್ಲದ ಕಡತಗಳಿದ್ದಲ್ಲಿ ಸ್ವತಃ ಪ್ರಯತ್ನಿಸುವ ಮುನ್ನ ಹೆಚ್ಚಿನ ಎಚ್ಚರ ಅಗತ್ಯ.

2. ದೋಷವನ್ನು ಗುರುತಿಸುವ ಬಗೆ

ಅ) ಯಾಂತ್ರಿಕ ದೋಷ: ಟಕ್ ಟಕ್ ಎಂಬ ಅಥವಾ ಉಜ್ಜುವ ಶಬ್ದ ಬರುವುದು, ಡಿಸ್ಕ್ ತಿರುಗದಿರುವುದು, ಕೆಳಗೆ ಬಿದ್ದಿರುವುದು, ನೀರು ಸೇರಿರುವುದು. ಮನೆಬಳಕೆಯ ಡಿಸ್ಕಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಹೆಡ್ ಅವುಗಳಿಂದ ಕೆಲವೇ ನ್ಯಾನೋಮೀಟರ್ ಅಂತರದಲ್ಲಿರುತ್ತದೆ. ಹೆಡ್ ಹಾಳಾಗಿದ್ದಲ್ಲಿ, ವಿದ್ಯುತ್ ನೀಡಿದಷ್ಟೂ ತಟ್ಟೆಯ ಮೇಲ್ಮೈ ಕೆರೆದುಹೋಗುವ ಸಂಭವವಿರುತ್ತದೆ. ಇಂತಹ ಡಿಸ್ಕನ್ನು ಕೂಡಲೇ ಬಂದ್ ಮಾಡತಕ್ಕದ್ದು, ಸ್ವತಃ ಪ್ರಯತ್ನಿಸತಕ್ಕದ್ದಲ್ಲ.

ಆ) ಇತರ ದೋಷ: ಶಬ್ದ ಸಹಜವಾಗಿದ್ದು, ಕಡತಗಳು ಅಳಿಸಿಹೋಗಿದ್ದರೆ ಅಥವಾ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ಗಣಕಯಂತ್ರ ಕೇಳುತ್ತಿದ್ದರೆ ಸ್ವತಃ ಪ್ರಯತ್ನಿಸಲು ಅವಕಾಶವಿದೆ. ಮೊದಲು ಬೇರೊಂದು ಕೇಬಲ್ ಅಥವಾ ಯುಎಸ್‌ಬಿ ಪೋರ್ಟ್ ಬಳಸಿ ನೋಡುವುದು.

3. ಸ್ವತಃ ಪ್ರಯತ್ನಿಸುವ ಕ್ರಮ

1) ಆ ಡಿಸ್ಕಿಗೆ ಹೊಸದಾಗಿ ಏನನ್ನೂ ಬರೆಯಬಾರದು, ತಂತ್ರಾಂಶವನ್ನೂ ಅದರಲ್ಲಿ ಸ್ಥಾಪಿಸಬಾರದು.
2) ಅಷ್ಟೇ ಅಥವಾ ಹೆಚ್ಚಿನ ಸಾಮರ್ಥ್ಯದ ಇನ್ನೊಂದು ಡಿಸ್ಕನ್ನು ಸಿದ್ಧಪಡಿಸಿಕೊಳ್ಳುವುದು.
3) ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಪ್ರತಿಯನ್ನು ತೆಗೆಯುವುದು. ಇದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ಉಳಿಸಿ, ಕೆಟ್ಟ ಭಾಗಗಳನ್ನು ಕೊನೆಯಲ್ಲಿ ಪ್ರಯತ್ನಿಸುತ್ತದೆ. ಯಾವುದರಿಂದ ಯಾವುದಕ್ಕೆ ಪ್ರತಿ ಮಾಡಲಾಗುತ್ತಿದೆ ಎಂಬುದನ್ನು ಎರಡು ಬಾರಿ ಪರಿಶೀಲಿಸತಕ್ಕದ್ದು. ಅದಲುಬದಲಾದಲ್ಲಿ ಎಲ್ಲವೂ ಅಳಿಸಿಹೋಗುತ್ತದೆ.
4) ಟೆಸ್ಟ್‌ಡಿಸ್ಕ್, ಫೋಟೋರೆಕ್ ಮುಂತಾದ ಉಚಿತ ತಂತ್ರಾಂಶಗಳನ್ನು ಪ್ರತಿಯ ಮೇಲೆ ಮಾತ್ರ ಬಳಸಿ, ದೊರೆತ ಕಡತಗಳನ್ನು ಬೇರೆ ಸ್ಥಳದಲ್ಲಿ ಉಳಿಸುವುದು.

ಪ್ರತಿ ತೆಗೆಯುವಾಗ ಹೊಸ ಶಬ್ದ ಕೇಳಿಬಂದಲ್ಲಿ ಕೂಡಲೇ ನಿಲ್ಲಿಸತಕ್ಕದ್ದು.

4. ಮಾಡಬಾರದ ಕೆಲಸಗಳು

* ಡಿಸ್ಕನ್ನು ಫ್ರಿಜ್ಜಿನಲ್ಲಿಡುವುದು: ಹೊರತೆಗೆದಾಗ ತೇವಾಂಶ ಕೂಡಿ ಹಾನಿಯಾಗಬಹುದು.
* ಮುಚ್ಚಳ ತೆರೆಯುವುದು: ಧೂಳಿನ ಒಂದು ಕಣವೂ ಹೆಡ್ಡಿಗೆ ಅಪಾಯಕಾರಿ.
* ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಅಳವಡಿಸುವುದು: ಈಗಿನ ಬಹುತೇಕ ಡಿಸ್ಕುಗಳ ಬೋರ್ಡಿನಲ್ಲಿ ಆ ಡಿಸ್ಕಿಗಷ್ಟೇ ಸಂಬಂಧಿಸಿದ ಮಾಹಿತಿ ಇರುತ್ತದೆ.
* ಚೆಕ್‌ಡಿಸ್ಕ್ ದುರಸ್ತಿ ಆಜ್ಞೆ ನೀಡುವುದು: ಇದು ಮೂಲ ಡಿಸ್ಕಿನಲ್ಲಿಯೇ ಬದಲಾವಣೆ ಮಾಡುತ್ತದೆ.

ವಿಶೇಷ ಸೂಚನೆ: ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಕಡತಗಳನ್ನು ಟ್ರಿಮ್ ವ್ಯವಸ್ಥೆಯು ಬೇಗನೆ ಇಲ್ಲವಾಗಿಸುವುದರಿಂದ ಅವು ಮರಳಿ ದೊರೆಯುವ ಸಾಧ್ಯತೆ ಕಡಿಮೆ. ಬಿಟ್‌ಲಾಕರ್ ರಕ್ಷಣೆಯಿರುವ ಡಿಸ್ಕಿನ ಕಡತಗಳನ್ನು ತೆರೆಯಲು ಅದರ ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಅವಶ್ಯ.

5. ತಜ್ಞರಿಗೆ ಒಪ್ಪಿಸುವಾಗ

ಅಂದಾಜು ವೆಚ್ಚ, ಮಾಹಿತಿ ದೊರೆಯದಿದ್ದಲ್ಲಿ ಪಾವತಿಸಬೇಕಾದ ಶುಲ್ಕ ಹಾಗೂ ಗೌಪ್ಯತೆಯ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು. ಈವರೆಗೆ ಮಾಡಿದ ಎಲ್ಲ ಪ್ರಯತ್ನಗಳನ್ನು ಮರೆಮಾಚದೆ ತಿಳಿಸುವುದು. ನೀರು ಸೇರಿದ ಡಿಸ್ಕನ್ನು ಒಣಗಿಸಲು ಯತ್ನಿಸದೆ ಶೀಘ್ರವಾಗಿ ತಲುಪಿಸುವುದು.

6. ಮುಂಜಾಗ್ರತೆ

ಮುಖ್ಯ ಕಡತಗಳ ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿಟ್ಟು, ಒಂದು ಪ್ರತಿಯನ್ನು ಮನೆಯಿಂದ ಹೊರಗೆ ಇರಿಸುವುದು ಸೂಕ್ತ. ಮೂಲ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿದ ನಂತರವೂ ಜೋಪಾನವಾಗಿ ಕಾಯ್ದಿರಿಸತಕ್ಕದ್ದು.